ಲೈಫ್ ಜಾಕೆಟ್ ತೊಟ್ಟ ಉಪನ್ಯಾಸ

ನಮ್ಮ ಕಡೆ ಯಾವ ಸಭೆಯಲ್ಲೇ ಆಗಲಿ, ಕುರ್ಚಿಗಳು ಹಿಂದಿನಿಂದ ತುಂಬುತ್ತಾ ಬರುತ್ತವೆ. ಮುಂದಿನ ಸಾಲಿನಲ್ಲಿ ಕೂತರೆ ಎದ್ದುಹೋಗಲಾಗದು ಎಂಬ ದೂರದೃಷ್ಟಿ ನಮ್ಮ ಶ್ರೋತೃಗಳಿಗೆ ಜನ್ಮಜಾತ. ಕುಂದಾಪುರದ ಕಾಲೇಜಿನಲ್ಲಿ ಮೂರು ದಶಕಗಳಿಗೂ ಮೀರಿ ಭೌತಶಾಸ್ತ್ರ ಕಲಿಸಿದ ನಾನು ಈ ಖಾಲಿ ಸಾಲಿಗೇ ಪಾಠ ಹೇಳಿ ನಿವೃತ್ತನಾದವನು. ವಿದ್ಯಾರ್ಥಿಗಳು ತಲೆಯಾಡಿಸುತ್ತಿದ್ದುದು ಇಂಟರ್ನಲ್ ಅಂಕಗಳಿಗಾಗಿ ಎಂಬ ಸತ್ಯವನ್ನು ಒಪ್ಪಿಕೊಳ್ಳಲು ಮಾತ್ರ ನನಗೆ ಮೊನ್ನೆಯವರೆಗೂ ಮನಸ್ಸಾಗಿರಲಿಲ್ಲ.

ಮೊನ್ನೆ ಎಂದರೆ, ಮಳೆಗಾಲದ ರಜೆ ಮುಗಿಸಿ ದೋಣಿಗಳು ಕಡಲಿಗಿಳಿಯುವ ಮುಂಚಿನ ವಾರ. ಕೋಡಿಯ ಮೀನುಗಾರರಿಗೆ ಲೈಫ್ ಜಾಕೆಟ್ಟಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕರೆ ಬಂತು. ನಾಲ್ಕು ಮಾತು ಹೇಳುವುದು ನನ್ನ ಜಾಯಮಾನವೇ? ನಲವತ್ತೆರಡು ಸ್ಲೈಡು ಮಾಡಿದೆ. ಜಾಕೆಟ್ಟನ್ನು ‘ಜೀವರಕ್ಷಕ ಕವಚ’ ಎಂದು ಕರೆದು ಪುಳಕಿತನಾದೆ. ಪಡಸಾಲೆಯಲ್ಲಿ ನಿಂತು ಅಭ್ಯಾಸ ಮಾಡುವಾಗ ಬೀನ್ಸು ಸೋಸುತ್ತಿದ್ದ ನನ್ನ ಹೆಂಡತಿ, “ಅವ್ರ್ ಹುಟ್ಟಿದ್ದೇ ನೀರಲ್. ನೀವ್ ಕೆರೆಗೂ ಇಳಿದವ್ರಲ್ಲ,” ಎಂದಳು. ಅದನ್ನು ನಾನು ಕೇಳಿಸಿಕೊಳ್ಳಲಿಲ್ಲ. ದಾಂಪತ್ಯದಲ್ಲಿ ಇದೂ ಒಂದು ವಿದ್ಯೆ.

ಕೋಡಿಯ ಸಭಾಭವನದಲ್ಲಿಯೂ ಕುರ್ಚಿಗಳು ಹಿಂದಿನಿಂದಲೇ ತುಂಬಿದವು. ಮುಂದಿನ ಸಾಲಿನಲ್ಲಿ ಕೂತವಳು ಒಬ್ಬಳೇ, ಮೀನು ಮಾರುವ ಗಿರಿಜಾ. ಹೋದ ವರ್ಷ ಅವಳ ಗಂಡ ಚಂದ್ರಣ್ಣ ದೋಣಿಯಿಂದ ಬಿದ್ದು, ಖಾಲಿ ಎಣ್ಣೆ ಕ್ಯಾನೊಂದನ್ನು ತಬ್ಬಿಕೊಂಡು ಅರ್ಧ ದಿನ ತೇಲಿದ್ದನಂತೆ. ಬೇರೆ ದೋಣಿಯವರ ಕಣ್ಣಿಗೆ ಬಿದ್ದದ್ದು ಅದೃಷ್ಟ. ಸಭೆ ಶುರುವಾಗುವ ಮೊದಲು ಅವಳು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಮಾಷ್ಟ್ರೆ, ನಾನ್ ಹೇಳ್ರೆ ಇವ್ರ್ ಕೇಂತ್ರಿಲ್ಲೆ. ಇಷ್ಟಾದ್ರೂ ಜಾಕೆಟ್ ಹಾಕ್ಕಂತ್ರಿಲ್ಲೆ. ನೀವ್ ಹೇಳ್ರೆ ಕೇಂತ್ರೋ ಏನೋ,” ಎಂದಳು. ಚಂದ್ರಣ್ಣ ಕಟ್ಟಕಡೆಯ ಸಾಲಿನಲ್ಲಿ, ಬಾಗಿಲಿಗೆ ಒತ್ತಿ ಕೂತಿದ್ದ.

ನಾನು ವಸ್ತುಗಳನ್ನು ನೀರಿನಲ್ಲಿ ತೇಲಿಸುವ ಉತ್ಪ್ಲಾವನ ಬಲದಿಂದ ಆರಂಭಿಸಿದೆ. ಐದನೆಯ ಸ್ಲೈಡಿಗೆ ಒಬ್ಬರು ಆಕಳಿಸಿದರು, ಒಂಬತ್ತನೆಯದಕ್ಕೆ ಆಕಳಿಕೆ ಸಾಲಿನುದ್ದಕ್ಕೂ ಹಬ್ಬಿತು. ಹನ್ನೆರಡನೆಯದರ ಹೊತ್ತಿಗೆ ಎಲ್ಲರೂ ಕಿಟಕಿಯಾಚೆ ಕಡಲ ಬಣ್ಣ ನೋಡುತ್ತಿದ್ದರು. ಗಿರಿಜೆಯೊಬ್ಬಳೇ ಪರದೆಯತ್ತ ಕಣ್ಣು ನೆಟ್ಟಿದ್ದಳು, ಆದರೆ ಪ್ರತಿ ಸ್ಲೈಡಿಗೂ ಒಮ್ಮೆ ಹಿಂತಿರುಗಿ ಗಂಡನ ಮುಖ ನೋಡುತ್ತಿದ್ದಳು. ಆ ನೋಟ ಕಂಡು ಮೊದಲ ಬಾರಿಗೆ, ನನ್ನ ಉಪನ್ಯಾಸ ಕೆಟ್ಟರೆ ಕೆಡುವುದು ನನ್ನ ಮರ್ಯಾದೆ ಮಾತ್ರವಲ್ಲ ಎಂದು ಹೆದರಿದೆ.

ಆಗ ಚಂದ್ರಣ್ಣನೇ ಎದ್ದ. “ಹ್ವಾಯ್ ಮಾಷ್ಟ್ರೆ, ಅದ್ ತೇಲ್ತ್ ಅಂಬುದ್ ನಮ್ಗೂ ಗೊತ್ತಿತ್ತ್. ಹಾಕ್ಕಂಡ್ರೆ ಬಲೆ ಎಳೂಕಾತಿಲ್ಲೆ, ಅಷ್ಟೇ. ನೀವ್ ಒಂದ್ಸಲ ಹಾಕ್ಕಂಡ್ ಎಳ್ದ್ ಕಾಣಿ ಮರ್ರೆ!”

ಸಭೆಗೆ ಜೀವ ಬಂತು. ಎಲ್ಲರೂ ನನ್ನನ್ನು ಮರಳಿಗೆ ಕರೆದೊಯ್ದರು. ಯಾರೋ ದೋಣಿಯಿಂದ ಒಂದು ಕಿತ್ತಳೆ ಬಣ್ಣದ ಜಾಕೆಟ್ ತಂದರು, ಇನ್ನೂ ಪ್ಲಾಸ್ಟಿಕ್ ಚೀಲದೊಳಗೇ ಇತ್ತು. ತಪಾಸಣೆಗೆ ಬಂದವರಿಗೆ ತೋರಿಸಲು ಹೊಸದಾಗಿರಲಿ ಎಂದು ಊರಿನ ಅಷ್ಟೂ ಜಾಕೆಟ್ಟುಗಳನ್ನು ಹಾಗೆಯೇ ಕಾಪಾಡಿದ್ದರು. ಟಿ.ವಿ. ರಿಮೋಟಿನ ಪ್ಲಾಸ್ಟಿಕ್ ಕವರನ್ನು ಇಂದಿಗೂ ಬಿಚ್ಚದ ನಾನು ನಗುವಂತಿರಲಿಲ್ಲ. ಅದನ್ನು ತೊಟ್ಟು, ಒದ್ದೆ ಬಲೆ ಹಿಡಿದು ಜಗ್ಗಿದೆ. ಜೀವರಕ್ಷಕ ಕವಚ ಮೇಲೇರಿ ನನ್ನ ಗಲ್ಲಕ್ಕೆ ಗುದ್ದಿತು, ಕನ್ನಡಕ ಮರಳಿಗೆ ಬಿತ್ತು. ನಗೆಯೋ ನಗೆ! ಅವಮಾನದಲ್ಲಿ ನಾನು ನಿಜ ನುಡಿದೆ: “ಮಾರಾಯ್ರೆ, ನಾನಿದನ್ನು ತೊಟ್ಟದ್ದು ಇದೇ ಮೊದಲು.”

ನಗು ನಿಂತಿತು. ಚಂದ್ರಣ್ಣ ಹತ್ತಿರ ಬಂದು ನನ್ನ ಪಕ್ಕೆಯ ಬಳಿ ಕೈಯಾಡಿಸಿದ. ಅಲ್ಲಿ ಎರಡು ಪಟ್ಟಿಗಳು ಕಾರ್ಖಾನೆಯಲ್ಲಿ ಮಡಚಿ ರಬ್ಬರ್ ಹಾಕಿದಂತೆಯೇ ಇದ್ದವು. ಅವುಗಳ ಚಿತ್ರ ನನ್ನ ಮೂವತ್ಮೂರನೆಯ ಸ್ಲೈಡಿನಲ್ಲಿತ್ತು. ಅವುಗಳ ಕೆಲಸವೇನೆಂದು ನಾನೂ ಯೋಚಿಸಿರಲಿಲ್ಲ. ಅವನು ಬಲೆ ಬಿಗಿಯುವ ಕೈಯಿಂದ ಅವನ್ನು ಎಳೆದು ಬಿಗಿದ. ಮತ್ತೆ ಜಗ್ಗಿದೆ, ಜಾಕೆಟ್ ಇದ್ದಲ್ಲೇ ಇತ್ತು. ಅವನು ನನ್ನಿಂದ ಅದನ್ನು ಬಿಚ್ಚಿಸಿ ತಾನೇ ತೊಟ್ಟು, ನಾಲ್ಕು ಮಾರು ಬಲೆ ಎಳೆದು, ತೋಳು ತಿರುಗಿಸಿ ನೋಡಿ, “ಅಡ್ಡಿಲ್ಲೆ,” ಎಂದ. ನಮ್ಮ ಕಡೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ಉಳಿದವರು ಆಗಲೇ ತಮ್ಮ ತಮ್ಮ ಪ್ಲಾಸ್ಟಿಕ್ ಹರಿಯಲು ಹೋಗಿದ್ದರು.

ಓದುಗ ಮಿತ್ರರೇ, ನನ್ನ ಮಿಕ್ಕ ಮೂವತ್ತು ಸ್ಲೈಡುಗಳನ್ನು ಯಾರೂ ಕೇಳಲಿಲ್ಲ, ನಾನೂ ತೋರಿಸಲಿಲ್ಲ. ಅವರಿಗೆ ತಿಳಿಯದೆಂದು ನಾನು ಅಂದುಕೊಂಡದ್ದೆಲ್ಲ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದ ಒಂದೇ ಒಂದು ಸಂಗತಿ ನನಗೂ ಗೊತ್ತಿರಲಿಲ್ಲ. ಅದನ್ನು ಎಲ್ಲರ ಎದುರು ಒಪ್ಪಿಕೊಂಡ ಮೇಲೆಯೇ ಅಲ್ಲಿ ಪಾಠವೆಂಬುದು ಶುರುವಾದದ್ದು.

ದೋಣಿಗಳು ಇಳಿದು ಹತ್ತು ದಿನವಾದ ಮೇಲೆ ಗಿರಿಜೆಯ ಫೋನು ಬಂತು. ಗಂಡ ದಿನವೂ ತೊಡುತ್ತಾನೆಯೇ ಎಂದು ಕೇಳಿದೆ.

“ಹಾಕ್ಕಂತ್ರ್ ಮಾಷ್ಟ್ರೆ,” ಎಂದಳು. ಮತ್ತೆ ಹೇಳಿದಳು: “ಮೊದ್ಲೆಲ್ಲ ದಡದಲ್ ನಿಂತ್ರೆ ಬರೀ ದೋಣಿ ಕಾಣ್ತಿತ್ತ್. ಆ ಕಿತ್ತಳೆ ಬಣ್ಣದಲ್ ಈಗ ಇವ್ರೇ ಕಾಣ್ತ್ರ್.”