ಬೆಡಗು ಕೇಳಲು ಹೋದದ್ದು

ಖಾನಾಪುರದಿಂದ ನನ್ನನ್ನು ನೋಡಲು ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, ಇನ್ನೇನು ಒಪ್ಪಿಗೆ ಹೇಳಬೇಕು ಅನ್ನುವಾಗ ಹುಡುಗನ ದೊಡ್ಡಪ್ಪ ಕೇಳಿದರು: "ಅಂದಂಗ, ನಿಮ್ಮ ಬೆಡಗ ಯಾವ್ದರಿ?"

ಅಪ್ಪ ಥಟ್ಟನೆ ನಮ್ಮ ಅಡ್ಡಹೆಸರು ಹೇಳಿದರು.

"ಅದು ಅಡ್ಡಹೆಸರಾತಲ್ರಿ. ನಾ ಕೇಳಿದ್ದು ಬೆಡಗ."

ಅಪ್ಪ ಅವ್ವನ ಮುಖ ನೋಡಿದರು. ಅವ್ವ ಖಾಲಿ ಕಪ್ಪುಗಳನ್ನು ನೋಡಿದಳು. ಒಂದೇ ಬೆಡಗಿನವರೆಂದರೆ ಒಬ್ಬನೇ ಮೂಲಪುರುಷನ ಸಂತಾನ, ಅಣ್ಣ ತಂಗಿಯ ಲೆಕ್ಕ. ಅವರೊಳಗೆ ಮದುವೆಯ ಮಾತೇ ಇಲ್ಲ. ಅಂಥ ಬೆಡಗೇ ಅಪ್ಪನಿಗೆ ಗೊತ್ತಿರಲಿಲ್ಲ. ಎಳೆಯ ವಯಸ್ಸಿನಲ್ಲೇ ಹಳ್ಳಿ ಬಿಟ್ಟು ಬೆಳಗಾವಿಗೆ ಬಂದು, ಕಚೇರಿಯ ಅರ್ಜಿಗಳಲ್ಲೆಲ್ಲ ಅಡ್ಡಹೆಸರು ಬರೆದು ಬರೆದು, ಅದೇ ನಮ್ಮ ಬೆಡಗು ಎಂದುಕೊಂಡುಬಿಟ್ಟಿದ್ದರು.

"ಹೆಳವರನ್ನ ಕೇಳ್ಕೊಂಡ ಬರ್ರಿ. ಅವರ ಹೊತ್ತಿಗಿಯೊಳಗ ಎಲ್ಲಾ ಇರತೈತಿ. ಆಮ್ಯಾಲ ಮುಂದಿನ ಮಾತು," ಎಂದು ದೊಡ್ಡಪ್ಪ ಎದ್ದರು.

ಹುಡುಗ ಖಾನಾಪುರದಲ್ಲೇ ಹೈಸ್ಕೂಲು ಮಾಸ್ತರ. ನಾನು ಬೆಳಗಾವಿಯ ನೆಹರು ನಗರದ ಒಂದು ಪ್ರಾಥಮಿಕ ಶಾಲೆಯಲ್ಲಿ ಒಂದನೇ ತರಗತಿಗೆ ಕಲಿಸುತ್ತಿದ್ದೆ. ಅವರಿಗಿಂತ ಮೊದಲು ಬಂದವರಲ್ಲಿ ಒಬ್ಬರು ನನ್ನನ್ನು ನಡೆಸಿ ನೋಡಿದ್ದರು, ಇನ್ನೊಬ್ಬರು ಜಡೆ ಖರೆಯದೋ ಚೌರಿಯೋ ಎಂದು ಜಗ್ಗಿ ನೋಡಿದ್ದರು. ಈ ಮಾಸ್ತರ ಮಾತ್ರ, "ಒಂದನೇತ್ತಾ ಹುಡುಗೂರು ಭಾಳ ಕಾಡತಾವಲ್ರಿ?" ಎಂದು ಕೇಳಿದ. ನಾನು ನಕ್ಕೆ. ಅಷ್ಟೇ ನಡೆದದ್ದು. ಆದರೆ ಅವತ್ತು ರಾತ್ರಿಯಿಂದ ನನಗೆ ಊಟ ಸೇರಲಿಲ್ಲ.

ಹೆಳವರು ಎತ್ತಿನ ಜೊತೆ ಗಂಟೆ ಬಾರಿಸುತ್ತ ಊರೂರು ತಿರುಗಿ, ತಮ್ಮ ಪಾಲಿನ ಮನೆತನಗಳ ವಂಶಾವಳಿ ಓದುವವರು. ನಾಲ್ಕಾರು ವರ್ಷಕ್ಕೊಮ್ಮೆ ಬಂದು, ಹುಟ್ಟಿದವರ ಹೆಸರು ಬರೆದುಕೊಂಡು, ಕಾಳು ಬಟ್ಟೆ ಇಸಿದುಕೊಂಡು ಹೋಗುತ್ತಾರೆ. ಶಿವಬಸವ ನಗರದ ನಮ್ಮ ಮನೆಗೂ ಒಮ್ಮೆ ಒಬ್ಬ ಬಂದಿದ್ದ. ಅಪ್ಪನಿಗೆ ನೆರೆಹೊರೆಯವರೆದುರು ನಾಚಿಕೆ. ಅಡಿಗೆಮನೆಯಲ್ಲಿ ನಿಂತುಕೊಂಡೇ ನನ್ನ ಕೈಲಿ "ಅಪ್ಪ ಇಲ್ರಿ" ಎನ್ನಿಸಿದ್ದರು. ಈಗ ಅದೇ ಹೆಳವನನ್ನು ನಾವು ಹುಡುಕಬೇಕಾಗಿತ್ತು.

ನಾನೂ ಬರುತ್ತೇನೆ ಎಂದೆ. "ತನ್ನ ಮದವಿ ವಿಚಾರಕ್ಕ ತಾನ ಅಡ್ಡಾಡತಾಳಂತ," ಎಂದು ಅವ್ವ ಹಣೆ ಚಚ್ಚಿಕೊಂಡಳು. ಮನೆಯಲ್ಲಿ ಕೂತು ಕಾಯುವುದು ನನ್ನಿಂದ ಆಗದ ಮಾತಾಗಿತ್ತು.

ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಚಹಾದಂಗಡಿಯವನು ಮರಾಠಿಯಲ್ಲಿ, ಹೆಳವರು ಬೀಡಿ ಊರಿನ ಕಡೆ ಇದ್ದಾರೆ ಎಂದ. ಬೀಡಿಯಲ್ಲಿ ಕೇಳಿದರೆ ನಿನ್ನೆಯೇ ಪಾರಿಶ್ವಾಡಕ್ಕೆ ಹೋದರು ಎಂದರು. ಪಾರಿಶ್ವಾಡದಲ್ಲಿ ಎತ್ತಿನ ಸಗಣಿ ಇತ್ತು, ಹೆಳವರಿರಲಿಲ್ಲ. ಅಪ್ಪ ಬಸ್ಸಿನಲ್ಲಿ ಕೂತರೆ ಟಿಕೆಟ್ಟು ಇದೆಯೋ ಇಲ್ಲವೋ ಎಂದು ಗಳಿಗೆಗೊಮ್ಮೆ ಕಿಸೆ ಮುಟ್ಟಿ ನೋಡುವವರು. ನಾನು ಅವರನ್ನು ಗದರುತ್ತಿದ್ದೆ. ಎರಡನೆಯ ದಿನ ಇಟಗಿಯಲ್ಲಿ, ಒಂದು ಹುಣಸೆಮರದ ಕೆಳಗೆ ಅವನು ಸಿಕ್ಕ.

ನಮ್ಮನ್ನು ನೋಡಿದ ಕೂಡಲೇ ಗುರುತು ಹಿಡಿದ. "ನಿಮ್ಮ ಮನಿ ಬಾಗಲಕ ಬಂದಿದ್ನಿ. ಅಪ್ಪ ಇಲ್ಲ ಅಂದಿತ್ತು ಈ ತಂಗಿ."

ಓದುವುದಿಲ್ಲ ಎಂದುಬಿಡುತ್ತಾನೆ ಎಂದುಕೊಂಡೆ. ಅಪ್ಪ ತಲೆ ತಗ್ಗಿಸಿದರು.

"ಇರ್ಲಿ, ಕುಂದರ್ರಿ. ಓದೂದು ನನ್ನ ಕಸಬು," ಎಂದು ಗಂಟು ಬಿಚ್ಚಿದ.

ಅವನು ರಾಗವಾಗಿ ಓದತೊಡಗಿದ. ಇಂಥವನ ಮಗ ಇಂಥವ, ಅವನ ಮಗ ಇಂಥವ. ಯಾವ ಹೆಸರು ನಮ್ಮನ್ನು ಉಳಿಸುತ್ತದೆ, ಯಾವುದು ಮುಳುಗಿಸುತ್ತದೆ ಎಂದು ತಿಳಿಯದೆ ನಾನು ಪ್ರತಿ ಹೆಸರಿಗೂ ಹೆದರಿದೆ. ಕೊನೆಗೆ ಅಪ್ಪ ಖಾನಾಪುರದವರ ಮನೆತನ ಹೇಳಿದರು. ಹೆಳವ ಹಾಳೆ ತಿರುವುವುದನ್ನು ನಿಲ್ಲಿಸಿ ನಕ್ಕ.

"ಅವರೂ ನನ್ನ ಒಕ್ಕಲ ರೀ. ಐದನೇ ತಲಿಗೆ ಇಬ್ಬರು ಅಣ್ಣತಮ್ಮರು. ಹಿರ್ಯಾನ ಕುಡಿ ನೀವು, ಕಿರ್ಯಾನ ಕುಡಿ ಅವರು. ಬೆಡಗ ಒಂದ."

ಅಪ್ಪ ಕಣ್ಣೊರೆಸಿಕೊಂಡರು. ನನಗಾಗಿ ಅಳುತ್ತಿದ್ದಾರೆ ಎಂದುಕೊಂಡೆ. ಆದರೆ ಅವರು, "ನಮಗ ಯಾರೂ ಇಲ್ಲ ಅನ್ಕೊಂಡಿದ್ನಿ," ಎಂದರು. ಅಪ್ಪನಿಗೆ ಒಡಹುಟ್ಟಿದವರಿರಲಿಲ್ಲ, ಗಂಡುಮಕ್ಕಳೂ ಇರಲಿಲ್ಲ. ಅವರು ಸಂತೋಷಕ್ಕೆ ಅತ್ತಿದ್ದರು. ಆ ಗಳಿಗೆಯಲ್ಲಿ ಅವರ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಮರಳುವ ಬಸ್ಸಿನಲ್ಲಿ ಮೆಲ್ಲಗೆ ಕೇಳಿದೆ: "ಬ್ಯಾರೆ ಬೆಡಗ ಅಂತ ಹೇಳಿದ್ರ ಏನಾಗತೈತಿ ಅಪ್ಪ?"

ಅವರು ಮತ್ತೊಮ್ಮೆ ಕಿಸೆಯ ಟಿಕೆಟ್ಟು ಮುಟ್ಟಿ ನೋಡಿಕೊಂಡರು. "ಹೆಳವ ಅವರ ಮನಿಗೂ ಹೋಗತಾನವಾ. ಆವಾಗ ನಿನ್ನ ಕೂಸಿನ ಹೆಸರ ಯಾರ ಕೆಳಗ ಬರಸ್ತಿ?"

ಖಾನಾಪುರದಲ್ಲಿ ನಾನು ಬಸ್‌ಸ್ಟ್ಯಾಂಡಿನಲ್ಲೇ ಉಳಿದೆ, ಅಪ್ಪ ಹುಡುಗನ ಮನೆಗೆ ಹೋದರು. ಅರ್ಧ ತಾಸಿಗೆ ದೊಡ್ಡಪ್ಪನ ಹೆಗಲ ಮೇಲೆ ಕೈ ಹಾಕಿಕೊಂಡೇ ಬಂದರು. "ಮನಿ ಮಗಳು ಸ್ಟ್ಯಾಂಡಿನಾಗ ನಿಲ್ಲೂದಂದ್ರ ಏನು? ನಡಿಯವಾ, ಉಂಡು ಹೋಗೀರಂತ," ಎಂದರು ದೊಡ್ಡಪ್ಪ. ಹೋದೆ. ಊಟಕ್ಕೆ ಬಡಿಸಿದ್ದು ಹುಡುಗನ ತಾಯಿ. ಆತ ಶಾಲೆಗೆ ಹೋಗಿದ್ದ, ಪುಣ್ಯ.

ಮರುವರ್ಷ ನನ್ನನ್ನು ಬೆಳಗಾವಿಯದೇ ಸದಾಶಿವನಗರದ ಮನೆಯೊಂದಕ್ಕೆ ಮದುವೆ ಮಾಡಿಕೊಟ್ಟರು. ಗಂಡ ಒಳ್ಳೆಯವರು, ಆ ಬಗ್ಗೆ ದೂರಿಲ್ಲ. ಮದುವೆಯ ನಂತರದ ಮೊದಲ ನಾಗರಪಂಚಮಿಗೆ ತವರಿಗೆ ಕರೆದೊಯ್ಯಲು ಅಣ್ಣತಮ್ಮಂದಿರು ಬರುತ್ತಾರಲ್ಲ, ನನಗೆ ಯಾರೂ ಇಲ್ಲ, ಅಪ್ಪನೇ ಬರುತ್ತಾರೆ ಎಂದುಕೊಂಡಿದ್ದೆ. ಅತ್ತೆ ಪಡಸಾಲೆಯಿಂದ ಕೂಗಿದರು: "ನಿಮ್ಮ ಅಣ್ಣ ಬಂದಾರ ನೋಡವಾ."

ಉಂಡಿಯ ಡಬ್ಬಿ ಹಿಡಿದು ಖಾನಾಪುರದ ಆ ಮಾಸ್ತರ ನಿಂತಿದ್ದ. ಅಪ್ಪ ಕಳಿಸಿದ್ದರು. ನನ್ನ ಮುಖದಲ್ಲಿ ಏನಾದರೂ ಕಂಡೀತು ಎಂಬ ಹೆದರಿಕೆಗೆ, ಕೊಡಬೇಕೆಂದು ತಂದ ನೀರಿನ ತಂಬಿಗೆಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತೆ. ಅತ್ತೆ ನೋಡುತ್ತಿದ್ದರು. ಆತನ ಮುಖವನ್ನೂ ಕದ್ದು ನೋಡಿದೆ, ಅಲ್ಲಿಯೂ ಆ ಹೆದರಿಕೆ ಇರಬಹುದೇ ಎಂದು.

"ತಯಾರಾಗವಾ ತಂಗಿ, ಹನ್ನೊಂದರ ಸಿಟಿ ಬಸ್ಸಿಗೆ ಹೋಗೂಣು," ಎಂದ. ಆ ಮಾತಿನಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಅವನು ನಿಜವಾಗಿ ಅಣ್ಣನಾಗಿಬಿಟ್ಟಿದ್ದ. ಇನ್ನೂ ತಂಗಿಯಾಗದೆ ಉಳಿದವಳು ನಾನೊಬ್ಬಳೇ ಎಂದು ತಿಳಿದು, ಸೀರೆ ಬದಲಿಸಲು ಒಳಗೆ ಹೋದೆ.