ಇಬ್ಬರಿಗೂ ಅಂತ ಕೊಟ್ಟ ಮುಲಾಮು

ಹಲಗೂರು ಬಸ್ ಸ್ಟಾಪಿನ ಹಿಂದೆ ತಟ್ಟೆ ಇಡ್ಲಿ ಮಾಡುವ ಪಟ್ಟಲಮ್ಮನ ಪಕ್ಕದ್ದೇ ನನ್ನ ಹೂವಿನ ಅಂಗಡಿ. ಅವಳ ಬಾಯಿ ಜೋರು. ಗಂಡ ಸತ್ತು ಎಷ್ಟೋ ವರ್ಷವಾಯಿತು, ಯಾರ ಮುಂದೂ ಕಣ್ಣೀರು ಹಾಕಿದವಳಲ್ಲ. ಅಂಥವಳು ಒಂದು ಮಧ್ಯಾಹ್ನ ನನ್ನ ಅಂಗಡಿಯೊಳಗೆ ಬಂದು ಬಾಗಿಲು ಮುಂದೆ ಮಾಡಿ, "ಅಕ್ಕ, ಅಲ್ಲೆಲ್ಲ ಕಡಿತ ಕಣಕ್ಕ, ಸಾಯಂಗಾಗದೆ" ಎಂದು ಅತ್ತೇಬಿಟ್ಟಳು.

ಅಲ್ಲಿ ಎಂದರೆ ಎಲ್ಲಿ ಎಂದು ಹೆಂಗಸರಿಗೆ ಬಿಡಿಸಿ ಹೇಳಬೇಕೆ? ಮಳವಳ್ಳಿಗೆ ಎಳೆದುಕೊಂಡು ಹೋದೆ. ಡಾಕ್ಟರಮ್ಮ ನೋಡಿ, ಗುಪ್ತಾಂಗದ ಕೂದಲಿಗೆ ಹೇನು ಹತ್ತಿದೆ, ಹೆಚ್ಚಾಗಿ ಮೈಗೆ ಮೈ ತಾಗಿಯೇ ಬರುತ್ತದೆ ಎಂದರು. ಗದರಲಿಲ್ಲ, ಪುಣ್ಯಾತ್ಗಿತ್ತಿ. ಎರಡು ಟ್ಯೂಬು ಮುಲಾಮು ಕೊಡಿಸಿ, "ಜೊತೇಲಿ ಮಲಗೋರೂ ಹಚ್ಕೋಬೇಕಮ್ಮ, ಇಲ್ಲಾಂದ್ರೆ ನಿಮಗೆ ಮತ್ತೆ ಬರುತ್ತೆ" ಎಂದರು.

ಜೊತೆಯವನು ಕೆಂಪಸಿದ್ದಯ್ಯನಂತೆ! ಮದ್ದೂರಿಗೆ ಎಳನೀರು ಲೋಡು ಹೊಡೆಯುವ ಲಾರಿ ಡ್ರೈವರು. ವಾರಕ್ಕೊಮ್ಮೆ ಅವಳ ಮನೆಯಲ್ಲಿ ಉಳಿಯುತ್ತಿದ್ದನಂತೆ. ಪಕ್ಕದಲ್ಲೇ ಕೂತಿರುವ ನನಗೇ ಗೊತ್ತಿಲ್ಲ! ಮೈಯೆಲ್ಲ ಉರಿದುಹೋಯಿತು.

"ಥೂ, ಇನ್ನೆಲ್ಲಿ ಮಲ್ಗೆದ್ದು ಬಂದ್ನೋ! ಬುಟ್ಟಾಕು ಅತ್ಲಾಗೆ" ಎಂದೆ.

"ಬುಟ್ಟಾಕುದ್ರೆ ನಂಗ್ಯಾರವ್ರೆ ಅಕ್ಕ? ಉಂಡ್ಯಾ ಅಂತ ಕೇಳೋನು ಅವ್ನೊಬ್ನೇ" ಎಂದಳು. ಅವನು ಅವಳನ್ನು ತನ್ನವಳು ಎಂದು ಒಪ್ಪುತ್ತಾನೋ ಇಲ್ಲವೋ, ಅವಳಿಗೆ ಕಡಿತಕ್ಕಿಂತ ಅದೇ ದೊಡ್ಡ ಚಿಂತೆ.

ಸೋಮವಾರ ಲಾರಿ ಬಂತು. ಪಟ್ಟಲಮ್ಮ ಅವನನ್ನು ಲಾರಿಯ ಮರೆಗೆ ಕರೆದು ಒಂದು ಟ್ಯೂಬು ಮುಂದೆ ಹಿಡಿದು, ಮೆಲ್ಲಗೆ ವಿಷಯ ಹೇಳಿದಳು. ಹೂ ಕಟ್ಟುತ್ತಿದ್ದ ನನ್ನ ಕಿವಿಯೆಲ್ಲ ಅಲ್ಲೇ.

"ನಂಗ್ಯಾಕಮ್ಮಿ ಇದು? ನಂಗೂ ನಿಂಗೂ ಮದ್ಯೆ ಏನಿತ್ತು?" ಎಂದ.

ನಮ್ಮ ಸೀಮೆಯವರ ಬಾಯಲ್ಲಿ ಹೇನೂ ಏನೇ.

"ಏನೇ ಇತ್ತು ಕಣಯ್ಯ. ಬ್ಯಾರೆ ಯಾವ್ದೂ ಇರ್ನಿಲ್ಲ ಅಂತ ಈಗ ಗೊತ್ತಾಯ್ತು" ಎಂದಳು.

ನನಗೆ ನಗು ಒತ್ತಿಕೊಂಡು ಬಂತು. ಅವಳ ಮುಖ ನೋಡಿ ನುಂಗಿಕೊಂಡೆ. ಅವನು ಅತ್ತಿತ್ತ ನೋಡಿ, ಟ್ಯೂಬು ಕಿತ್ತುಕೊಂಡು ಜೇಬಿಗೆ ತುರುಕಿ ಲಾರಿ ಹತ್ತಿದ. ಬೇಡ ಎಂದವನು ಮುಲಾಮು ಮಾತ್ರ ಬಿಡಲಿಲ್ಲ ನೋಡಿ! ಆಮೇಲೆ ಅವನು ಈ ಕಡೆ ತಲೆ ಹಾಕಲಿಲ್ಲ.

ಡಾಕ್ಟರಮ್ಮ ಹೇಳಿದ ಹಾಗೆ ಅವಳು ಮುಲಾಮು ಹಚ್ಚಿದಳು, ಬಟ್ಟೆ ಹಾಸಿಗೆಯನ್ನೆಲ್ಲ ಬಿಸಿನೀರಿಗೆ ಹಾಕಿ ಒಗೆದಳು. ಕಡಿತ ಪೂರ್ತಿ ಹೋಯಿತು.

"ಈಗ ಆರಾಮ ತಾನೆ?" ಎಂದು ಕೇಳಿದೆ.

ಇಡ್ಲಿ ಪಾತ್ರೆ ಉಜ್ಜುತ್ತಿದ್ದವಳು ಕೈ ನಿಲ್ಲಿಸಿದಳು. "ಕಡೀತಿದ್ದಾಗ್ಲೇ ಚೆಂದಾಗಿತ್ತು ಕಣಕ್ಕ. ಆಗ ಅವ್ನು ಬತ್ತಾನೆ ಅಂತಾನಾದ್ರೂ ಇತ್ತು."