ಐವತ್ತೊಂದು ಹುಣಸೆ ಬೀಜ

ಕೆಂಪು ಗಾರೆಯ ನೆಲದ ಮೇಲೆ ಮೂರು ಸಾಲು, ಸಾಲಿಗೆ ಹದಿನೇಳು ಹುಣಸೆ ಬೀಜ. ಯಾರ ಮನೆಯಿಂದಲಾದರೂ ಹೊಸ ಹುಣಸೆಯ ವಾಸನೆ ಬಂದರೆ ನನಗೆ ಈಗಲೂ ಮೊದಲು ಕಾಣುವುದು ಅದೇ. ಲಷ್ಕರ್ ಮೊಹಲ್ಲಾದ ಆ ಮನೆ ಈಗಿಲ್ಲ. ಅಲ್ಲಿ ಬಟ್ಟೆ ಅಂಗಡಿಯ ಗೋದಾಮಿದೆ. ಆಗ ಅದರ ನಡುಮನೆಯಲ್ಲಿ ಅಪ್ಪನ ಅಕ್ಕ, ಹಿನಕಲ್‌ನಿಂದ ಬಂದು ನಮ್ಮಲ್ಲೇ ಉಳಿದ ಅತ್ತೆ, ಕಾಲು ಚಾಚಿ ಕುಳಿತು ಹುಣಸೆ ಕುಟ್ಟುತ್ತಿದ್ದರು. ಬೀಜಗಳು ತಗಡಿನ ಡಬ್ಬಿಗೆ ಬೀಳುವ ಸದ್ದು ಬೀದಿಗೂ ಕೇಳುತ್ತಿತ್ತು.

ಆ ವರ್ಷ ನಾನೊಂದು ಸರಣಿ ಕಟ್ಟಿದ್ದೆ. ಸಮನಾದ ಸಾಲುಗಳಲ್ಲಿ ಕೂರದ ಅವಿಭಾಜ್ಯ ಸಂಖ್ಯೆಗಳನ್ನು ಒಂದೊಂದಾಗಿ ತೆಗೆದುಕೊಂಡು, ಪ್ರತಿಯೊಂದರಿಂದಲೂ ಹಿಂದಿನ ಉತ್ತರವನ್ನು ಕಳೆಯುವುದು. ಮೊದಲು ಎರಡು. ಮೂರರಿಂದ ಎರಡು ಹೋಗಿ ಒಂದು, ಐದರಿಂದ ಒಂದು ಹೋಗಿ ನಾಲ್ಕು, ಏಳರಿಂದ ನಾಲ್ಕು ಹೋಗಿ ಮೂರು, ಹನ್ನೊಂದರಿಂದ ಮೂರು ಹೋಗಿ ಎಂಟು. ಏರುತ್ತಾ ಇಳಿಯುತ್ತಾ ಅದು ಓಡುತ್ತಿದ್ದರೆ ನನಗೆ ಊಟವೂ ಬೇಡವಾಗಿತ್ತು. ತಪ್ಪಿಲ್ಲದೆ ಬರೆದು ತಂದರೆ ಶಾಲೆಯ ಗೋಡೆಪತ್ರಿಕೆಗೆ ಹಾಕುವುದಾಗಿ ಗಣಿತದ ಟೀಚರ್ ಹೇಳಿದ್ದರು. ಮರುದಿನವೇ ಕೊಡಬೇಕಿತ್ತು.

ಅತ್ತೆಗೆ ಓದು ಬರುತ್ತಿರಲಿಲ್ಲ, ಎಣಿಕೆ ಬರುತ್ತಿತ್ತು. ಅಕ್ಕಪಕ್ಕದ ಎರಡು ಉತ್ತರ ಕೂಡಿದರೆ ಸಾಲಿಗೆ ಕೂರದ ಸಂಖ್ಯೆಯೇ ಬರುತ್ತದೆಂದು ಆ ಸಂಜೆ ಜಂಬದಿಂದ ಹೇಳಿದೆ. ಅವರು ಡಬ್ಬಿ ಬೋರಲು ಹಾಕಿದರು. ನಾನು ಓದಿದಂತೆ ಜೋಡಿಸಿದರು. ಹದಿನಾರೂ ಹದಿಮೂರೂ ಸೇರಿ ಇಪ್ಪತ್ತೊಂಬತ್ತು ಬೀಜ ಹೇಗಿಟ್ಟರೂ ಸಾಲಿಗೆ ಬರದಿದ್ದಾಗ "ಹಠಮಾರಿ ಮುಂಡೇವು" ಎಂದು ಬೈದು ನಕ್ಕರು. ಇಪ್ಪತ್ತಾರೂ ಇಪ್ಪತ್ತೈದೂ ಸೇರಿ ಐವತ್ತೊಂದಾದಾಗ ಅವರ ಕೈ ನಿಂತಿತು.

"ಇದು ಸಾಲಿಗೆ ಬಂದ್ಬುಡ್ತಲ್ಲ ಕಣಮ್ಮ."

ಐವತ್ತೊಂದನ್ನು ನಾನು ಪರೀಕ್ಷಿಸದೆ ಅವಿಭಾಜ್ಯವೆಂದು ಸೇರಿಸಿದ್ದೆ. ಅಲ್ಲಿಂದ ಮುಂದಿನದೆಲ್ಲ ತಪ್ಪು. ನನ್ನ ಕಣ್ಣು ತುಂಬಿತು.

"ಅತ್ರೆ ಬೀಜ ಸರಿಹೋಯ್ತದಾ? ಒರಸು. ಮುಂದಿಂದು ಹೇಳು."

ಐವತ್ತಮೂರರಿಂದ ಇಪ್ಪತ್ತಾರು ಹೋಗಿ ಇಪ್ಪತ್ತೇಳು. ಪುಟದ ಕೊನೆಯವರೆಗೂ ಹಾಗೆಯೇ ಕಳೆದೆವು, ಕೂಡಿದೆವು, ಒಬ್ಬರ ಕೈಗೊಬ್ಬರು ಅಡ್ಡ ಬರುತ್ತಾ, ದೀಪ ಹಚ್ಚುವುದನ್ನೂ ಮರೆತು. ಇವಕ್ಕೆ ಕೊನೆ ಉಂಟೇ ಎಂದು ಕೇಳಿದರು. ಇಲ್ಲವೆಂದೆ.

"ಒಳ್ಳೇದಾಯ್ತು ಬುಡು. ನಾಳೆನೂ ಕೂರಾನ."

ಅಂಥ ಸಂಜೆಗಳು ಹೆಚ್ಚು ಸಿಗಲಿಲ್ಲ. ಮುಂದಿನ ಹುಣಸೆಯ ಕಾಲಕ್ಕೆ ಅತ್ತೆ ಇರಲಿಲ್ಲ. ಅಪ್ಪನಿಗೆ ಅವರು ಅಕ್ಕ, ನಮಗೆ ಅತ್ತೆ, ಬೀದಿಗೆಲ್ಲ ಹಿನಕಲ್ಲಮ್ಮ. ಗೋಡೆಪತ್ರಿಕೆಯ ಪುಟದ ಮೇಲೆ ಮಾಡಿದವರ ಹೆಸರಿರಬೇಕಿತ್ತು. ಬೀಜ ಜೋಡಿಸಿದ ಆ ಸಂಜೆಯ ಮರುದಿನ ಬೆಳಿಗ್ಗೆ, ಶಾಲೆಗೆ ಹೊರಡುವ ಮೊದಲು, ಒಲೆಯ ಮುಂದೆ ಕುಳಿತಿದ್ದ ಅವರನ್ನು, ನಿಮ್ಮ ಹೆಸರೇನು ಅತ್ತೆ ಎಂದು ಕೇಳಿದೆ. ಅವರು ಸೌದೆಯನ್ನು ಒಳಕ್ಕೆ ತಳ್ಳಿ ಹೇಳಿದರು. ಚೆಲುವಮ್ಮ ಎಂದು ದುಂಡಗೆ ಬರೆದು, ಅದರ ಕೆಳಗೆ ನನ್ನ ಹೆಸರು ಬರೆದೆ.